ನೆಲಕ್ಕಿಳಿದ ಹೌಸಿಂಗ್

ಮಾರ್ಚ್ 14, 2026, ಶನಿವಾರ ರಾತ್ರಿ

ಮೂರು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಗ್ರೀಸ್ ವಾಸನೆ ಹೋಗಿಲ್ಲ. ಸಾರನ್ನ ಕಲಸಿಕೊಂಡರೂ ಅದೇ ವಾಸನೆ. ಯುಗಾದಿಗೆ ಇನ್ನು ಐದು ದಿನ. ಮಿಶಿಗನ್ನಿನ ಈ ಚಳಿಯಲ್ಲಿ ಬೇವಿನ ಸೊಪ್ಪು ಎಲ್ಲಿ ಸಿಗುತ್ತೆ ಅಂತ ಇವಳು ಫೋನ್ ಮಾಡ್ತಾ ಇದ್ದರೆ ನಾನು ಇಡೀ ದಿನ ನನ್ನ 1967ರ ಫೋರ್ಡ್ ಮಸ್ಟ್ಯಾಂಗ್ ಕಾರಿನ ಕೆಳಗೆ ಮಲಗಿದ್ದೆ.

ಅಂತೂ ಹಿಂದಿನ ಹೌಸಿಂಗ್, ಅಂದ್ರೆ ಹಿಂದಿನ ಎರಡೂ ಚಕ್ರ ಕಟ್ಟಿರೋ ಉಕ್ಕಿನ ಕೊಳವೆ, ಇಳಿಯಿತು. ಅದನ್ನು ಬಿಗಿದಿದ್ದ ಯು ಬೋಲ್ಟ್ ನಾಲ್ಕಕ್ಕೂ ತುಕ್ಕು. ಮೂರು ಬಿಚ್ಚಿದವು, ಒಂದನ್ನು ಕೊಯ್ದೆ. ಈಗ ಅದು ರಟ್ಟಿನ ಮೇಲೆ ಎಣ್ಣೆ ಸುರಿಸುತ್ತಾ ಬಿದ್ದಿದೆ. ಪಕ್ಕದಲ್ಲೇ ಅದರ ಜಾಗಕ್ಕೆ ಕೂರಿಸೋಕೆ ಗುಜರಿಯಿಂದ ತಂದ 2016ರ ಮಸ್ಟ್ಯಾಂಗಿನ ಹಿಂಬದಿ ಸಸ್ಪೆನ್ಷನ್, ಮಗುಚಿಬಿದ್ದ ಏಡಿ ಥರ ಕೈಕಾಲು ಚಾಚಿಕೊಂಡಿದೆ. ಹಳೆ ಚಕ್ರದ ಐದು ತೂತುಗಳನ್ನು ರಟ್ಟಿನ ಮೇಲೆ ಗುರುತು ಮಾಡಿ, ಕೊರೆದು, ಹೊಸದರ ಹಬ್ಬಿಗೆ, ಅಂದ್ರೆ ಚಕ್ರ ಬಿಗಿಯೋ ಭಾಗಕ್ಕೆ, ಹಿಡಿದು ನೋಡಿದೆ. ಐದೂ ಸರಿಯಾಗಿ ಕೂತವು! ನಾಲ್ಕೂವರೆ ಇಂಚಿನ ವೃತ್ತ, 1967ಕ್ಕೂ ಅದೇ, 2016ಕ್ಕೂ ಅದೇ. ಸುಮ್ನೆ ಒಬ್ಬನೇ ನಕ್ಕೆ.

ಆ ನಗು ಅಗಲ ಅಳೆಯುವವರೆಗೆ ಮಾತ್ರ. ಹಳೆಯದರಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ 58 ಇಂಚು ಚಿಲ್ಲರೆ. ಹೊಸದರಲ್ಲಿ ಹತ್ತಿರ ಹತ್ತಿರ 65. ಹಾಗೇ ಕೂರಿಸಿದರೆ ಟೈರು ಎರಡೂ ಕಡೆ ಮೂರು ಮೂರು ಇಂಚು ಹೊರಗೆ ಇಣುಕುತ್ತೆ. ತೋಳು, ಆಕ್ಸಲ್ ಎಲ್ಲ ಗಿಡ್ಡ ಮಾಡಿಸಬೇಕು. ಇಲ್ಲ ಅಂದ್ರೆ ಮಡ್‌ಗಾರ್ಡ್ ಅಗಲ ಮಾಡಬೇಕು. ಎರಡನೆಯದು ನನ್ನ ಕೈಲಿ ಆಗಲ್ಲ, ಆ ಗಾಡಿಯ ಸೊಂಟ ಕೆಡಿಸೋಕೆ ಮನಸ್ಸಿಲ್ಲ.

ಒಂಬತ್ತು ಗಂಟೆಗೆ ಮಾವನಿಗೆ ವಿಡಿಯೊ ಕಾಲ್ ಹಾಕಿದೆ. ದಾವಣಗೆರೆಯಲ್ಲಿ ಭಾನುವಾರ ಬೆಳಗ್ಗೆ ಆರೂವರೆ, ಕೈಯಲ್ಲಿ ಟೀ ಲೋಟ. ನಲವತ್ತು ವರ್ಷ ಲಾರಿ ಗ್ಯಾರೇಜು ನಡೆಸಿದವರು. ಅವರ ಭಾಷೆಯಲ್ಲಿ ಪ್ಲೇಟು ಅಂದ್ರೆ ಹೌಸಿಂಗಿಗೆ ಬಿಗಿದಿರೋ ಪಟ್ಟಿ ಸ್ಪ್ರಿಂಗು, ಕ್ರೌನ್ ಅಂದ್ರೆ ಅದರೊಳಗಿನ ದೊಡ್ಡ ಹಲ್ಲುಚಕ್ರ. ಕ್ಯಾಮೆರಾ ನೆಲಕ್ಕೆ ತಿರುಗಿಸಿದೆ.

“ಏನ್ ಅಳಿಯಪ್ಪಾ, ಪ್ಲೇಟು ಕಟ್ಟಾಯ್ತಾ?”

“ಇಲ್ಲ ಮಾವ. ಚೆನ್ನಾಗೇ ಇದೆ.”

“ಕ್ರೌನ್ ಸದ್ದು ಬಂತಾ?”

“ಇಲ್ಲ.”

“ಮತ್ಯಾಕೆ ಬಿಚ್ಚಿದೆ?”

ಅಕ್ಟೋಬರಿನ ಕತೆ ಹೇಳಿದೆ. ಐ-275 ಹೆದ್ದಾರಿಗೆ ಹತ್ತೋ ತಿರುವಿನಲ್ಲಿ ಬಲಗಡೆ ಚಕ್ರ ಒಂದು ಗುಂಡಿಗೆ ಇಳಿಯಿತು. ಹಿಂಭಾಗ ಇಡಿಯಾಗಿ ಒಂದು ಅಡಿ ಪಕ್ಕಕ್ಕೆ ಹಾರಿತು. ಮಗ ಪಕ್ಕದಲ್ಲಿದ್ದ. ಎರಡೂ ಚಕ್ರ ಒಂದೇ ಹೌಸಿಂಗಿಗೆ ಕಟ್ಟಿರೋದಲ್ವಾ, ಒಂದು ಇಳಿದರೆ ಇನ್ನೊಂದೂ ವಾಲುತ್ತೆ. ಜೊತೆಗೆ ಕ್ರೌನ್ ಪಿನಿಯನ್ನಿನ ತೂಕವೆಲ್ಲ ಚಕ್ರದ ಜೊತೆಗೇ ಕುಣಿಯುತ್ತೆ. ಹೊಸದರಲ್ಲಿ ಕ್ರೌನ್ ಬಾಡಿಗೇ ಬಿಗಿದಿರುತ್ತೆ, ಮೇಲೆ ಕೆಳಗೆ ಆಡೋದು ಹಬ್ಬು ಮತ್ತು ತೋಳುಗಳು. ಒಂದರ ಗುಂಡಿ ಇನ್ನೊಂದಕ್ಕೆ ಗೊತ್ತಾಗಲ್ಲ.

ಮಾವ ಟೀ ಹೀರಿದರು. “ಒಟ್ಟು ತೂಕ?”

ಸರಿಯಾದ ಜಾಗಕ್ಕೇ ಕೈ ಹಾಕಿದರು. ಒಟ್ಟು ತೂಕ ಹೊಸದೇ ಜಾಸ್ತಿ ಅಂತ ಒಪ್ಪಿಕೊಂಡೆ.

“ಜೋರಾಗಿ ಎಳೆದಾಗ ಪ್ಲೇಟು ತಿರುಚಿಕೊಂಡು ಹಿಂದೆ ದಡದಡ ಕುಣಿಯುತ್ತಾ?”

“ಕುಣಿಯುತ್ತೆ.”

“ಒಂದು ಪ್ಲೇಟು ಜಾಸ್ತಿ ಹಾಕು. ಮುಗೀತು.”

ಆಮೇಲೆ ಮಸ್ಟ್ಯಾಂಗ್ ಪುರಾಣ ಬಿಚ್ಚಿದೆ. ಅರವತ್ತರ ದಶಕದಲ್ಲೇ ಫೋರ್ಡಿನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಈ ಗಾಡಿಗೆ ಇಂಥದ್ದೇ ಒಂದು ಮಾಡಿದ್ದರು, ಅದು ಮಾರಾಟಕ್ಕೆ ಬರಲೇ ಇಲ್ಲ. 1999ರಲ್ಲಿ ಕೋಬ್ರಾ ಅನ್ನೋ ಮಸ್ಟ್ಯಾಂಗ್ ಮಾದರಿಗೆ ಮಾತ್ರ ಹಾಕಿದರು. 2005ರಲ್ಲಿ ಹೊಸ ಗಾಡಿ ಬಂದಾಗ ಮತ್ತೆ ಹೌಸಿಂಗಿಗೇ ವಾಪಸ್. ಎಲ್ಲ ಮಸ್ಟ್ಯಾಂಗಿಗೂ ಬಂದದ್ದು 2015ಕ್ಕೆ. ಮಾವ ಹೊಟ್ಟೆ ಹಿಡಿದು ನಕ್ಕರು. “ಕಂಪನಿಯವರಿಗೇ ಐವತ್ತು ವರ್ಷ ಬೇಕಾಯ್ತು. ನೀನು ಯುಗಾದಿಯೊಳಗೆ ಮುಗಿಸ್ತೀಯಾ?”

ಯುಗಾದಿ ಅಂತ ನಾನು ಹೇಳೇ ಇರಲಿಲ್ಲ. ಆಗಸ್ಟಿನಲ್ಲಿ ಇಲ್ಲಿ ನಡೆಯೋ ಹಳೆ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸಿಗೆ ಓಡಿಸಬೇಕು ಅಂತ ಆಸೆ ಇದೆ, ಅಷ್ಟೆ. ಅದೂ ಅನುಮಾನ. ಪೆಟ್ರೋಲ್ ಟ್ಯಾಂಕೇ ಈ ಗಾಡಿಯ ಡಿಕ್ಕಿಯ ನೆಲ. ಅದರ ಮುಂದೆ ಇರೋ ಗೇಣು ಜಾಗದಲ್ಲಿ ಏಡಿಯನ್ನು ಕೂರಿಸಬೇಕು, ಸೈಲೆನ್ಸರ್ ಪೈಪಿಗೂ ದಾರಿ ಬಿಡಬೇಕು.

“ಇಲ್ಲಿವರೆಗೆ ಬರೀ ಬೋಲ್ಟು,” ಅಂದರು ಮಾವ, ನಗು ನಿಂತಿತ್ತು. “ಬೇಡ ಅನ್ನಿಸಿದ್ರೆ ನಾಳೆ ವಾಪಸ್ ಏರಿಸಬಹುದು. ಚಾಸಿಗೆ ಗ್ರೈಂಡರ್ ಇಟ್ಟ ಮೇಲೆ ಆಗಲ್ಲ. ಗಾಡಿ ಕೊಟ್ಟವರಿಗೆ ಹೇಳಿದ್ಯಾ?”

ಹೇಳಿಲ್ಲ.

ಗಾಡಿ ಕೊಟ್ಟವರು ಪಕ್ಕದ ಮನೆ ಅಜ್ಜ, ಫೋರ್ಡಿನ ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ಇದ್ದವರು. ಗಾಡಿ ತೋರಿಸಿದ ದಿನ ಟಾರ್ಚ್ ಹಿಡಿದು ಮೊದಲು ತೋರಿಸಿದ್ದು ಚಾಸಿ ನಂಬರು. ಏಳು ಅಂದ್ರೆ 1967, ಪಕ್ಕದ ಎಫ್ ಅಂದ್ರೆ ಡಿಯರ್‌ಬಾರ್ನ್, ಅಂತ ಬೆರಳಿಟ್ಟು ಹೇಳಿದ್ದರು. ಆಮೇಲೆ ಬಗ್ಗಿ ಹಿಂದಿನ ಪ್ಲೇಟು ತಟ್ಟಿ, “ಇದೆಲ್ಲ ಹೊಸದು ಹಾಕಿಸಿದ್ದೀನಿ, ಇನ್ನು ನೀನು ಮುಟ್ಟೋ ಹಾಗೇ ಇಲ್ಲ” ಅಂದಿದ್ದರು. ದುಡ್ಡು ಕೊಟ್ಟು ಕೊಂಡದ್ದು, ಗಾಡಿ ನನ್ನದು, ಕೇಳೋ ಅಗತ್ಯ ಏನೂ ಇಲ್ಲ. ಆದರೂ ಇವತ್ತು ಇಡೀ ದಿನ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡೇ ಕೆಲಸ ಮಾಡಿದೆ. ಚಳಿ ಅಂತ ಇವಳಿಗೆ ಹೇಳಿದೆ. ಮಧ್ಯಾಹ್ನ ಬಿಸಿಲು ಚೆನ್ನಾಗೇ ಇತ್ತು.

ಮೊದಲ ಬಿಸಿಲು ಬಂದ ದಿನ ಅಜ್ಜ ಕುರ್ಚಿ ತಂದು ಅವರ ಡ್ರೈವ್‌ವೇಯಲ್ಲಿ ಕೂರುತ್ತಾರೆ. ಇವತ್ತೂ ಕೂತಿದ್ದರಂತೆ, ಮಗ ಹೇಳಿದ. ನಮ್ಮ ಗ್ಯಾರೇಜಿನ ಕಡೆಗೇ ಮುಖ ಮಾಡಿ. ಗ್ರೈಂಡರ್ ಸದ್ದು ಕೇಳಿಸಿರಬೇಕು. ಒಂದೇ ಒಂದು ಬೋಲ್ಟಿಗೆ ಹಿಡಿದದ್ದು, ಚಾಸಿಗಲ್ಲ, ಆದರೆ ಸದ್ದು ಕೇಳಿದವರಿಗೆ ಅದು ಹೇಗೆ ಗೊತ್ತಾಗಬೇಕು?