ರೋಗನಿರೋಧಕ ಶಕ್ತಿ ಕುಂದಿದ್ದಕ್ಕೇ ಕ್ಯಾನ್ಸರ್ ಬಂತೇ?

ಮುಂಬಯಿಯ ಪರೇಲಿನಲ್ಲಿರುವ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗೆ ಚಿಕಿತ್ಸೆಗೆಂದು ಊರಿನಿಂದ ಬಂದು ಮಾಟುಂಗದ ನಮ್ಮಂಥವರ ಮನೆಗಳಲ್ಲಿ ಉಳಿದುಕೊಳ್ಳುವ ಬಂಧುಗಳಲ್ಲಿ ಬಹುಮಂದಿ ಕೇಳುವುದು ಒಂದೇ ಮಾತು: ರೋಗನಿರೋಧಕ ಶಕ್ತಿ ಕುಂದಿದ್ದರಿಂದ ಹೀಗಾಯಿತು, ಅದನ್ನು ಹೆಚ್ಚಿಸುವ ಕಷಾಯವೇನಾದರೂ ಇದೆಯೇ? ಆದರೆ ಎಷ್ಟೋ ರೋಗಿಗಳಲ್ಲಿ ಆ ಶಕ್ತಿ ಇದ್ದೇ ಇರುತ್ತದೆ. ಗಡ್ಡೆಯ ಬಳಿಗೆ ಬಂದಾಗ ಮಾತ್ರ ಅದು ಕೈಕಟ್ಟಿ ನಿಲ್ಲುತ್ತದೆ.

ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನಮ್ಮ ಟಿ ಕೋಶಗಳು ಮೈಯ ಸ್ವಂತ ಅಂಗಾಂಶಗಳ ಮೇಲೆಯೇ ಎರಗದಂತೆ ಅವುಗಳ ಮೇಲ್ಮೈಯಲ್ಲಿ ಬ್ರೇಕಿನಂತೆ ಕೆಲಸ ಮಾಡುವ ಪಿಡಿ-1 ಎಂಬ ಪ್ರೋಟೀನು ಇರುತ್ತದೆ. ಜಪಾನಿನ ತಾಸುಕು ಹೊಂಜೊ ಅವರ ತಂಡ ಇದನ್ನು 1992ರಲ್ಲಿ ಗುರುತಿಸಿತು. ಅನೇಕ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಮತ್ತೊಂದು ಪ್ರೋಟೀನನ್ನು ಹೊರಮೈಯಲ್ಲಿ ಹೇರಳವಾಗಿ ತೋರಿ, ಕೊಲ್ಲಲು ಬಂದ ಟಿ ಕೋಶದ ಈ ಬ್ರೇಕನ್ನು ಒತ್ತಿಬಿಡುತ್ತವೆ. ನನಗೆ ಅತ್ಯಂತ ವಿಚಿತ್ರವೆನಿಸುವುದು ಇದರ ಮುಂದಿನ ಭಾಗ: ದಾಳಿ ಮಾಡುವಾಗ ಟಿ ಕೋಶಗಳು ಸ್ರವಿಸುವ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನೇ ಗಡ್ಡೆಯಲ್ಲಿ ಪಿಡಿ-ಎಲ್1 ಹೆಚ್ಚುವಂತೆ ಮಾಡುತ್ತದೆ, ಎಂದರೆ ದಾಳಿಯೇ ಅದರ ತಡೆಯನ್ನೂ ಬಲಪಡಿಸುತ್ತದೆ. ಹೀಗಿರುವಾಗ ಬರೀ ‘ಶಕ್ತಿ ಹೆಚ್ಚಿಸುವ’ ಮಾತಿಗೆ ಏನರ್ಥ?

ಇದೊಂದೇ ಉಪಾಯವಲ್ಲ. ಕೆಲವು ಗಡ್ಡೆಗಳು ತಮ್ಮ ಗುರುತು ತೋರಿಸುವ ಎಂಎಚ್‌ಸಿ ಅಣುಗಳನ್ನೇ ಕಡಿಮೆ ಮಾಡಿಕೊಳ್ಳುತ್ತವೆ, ಕೆಲವು ಟಿ ಕೋಶಗಳನ್ನು ಕುಗ್ಗಿಸುವ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ಸ್ರವಿಸುತ್ತವೆ, ಇನ್ನು ಕೆಲವು ದಾಳಿಯನ್ನು ಶಮನಗೊಳಿಸುವ ನಿಯಂತ್ರಕ ಟಿ ಕೋಶಗಳನ್ನು ತಮ್ಮ ಸುತ್ತ ಸೇರಿಸಿಕೊಳ್ಳುತ್ತವೆ.

ನಿವೊಲುಮ್ಯಾಬ್‌ನಂಥ ಔಷಧಿಗಳು ಪಿಡಿ-1ಕ್ಕೆ ಅಂಟಿಕೊಂಡು ಬ್ರೇಕು ಬೀಳದಂತೆ ತಡೆಯುತ್ತವೆ. ಇವುಗಳ ಬೆಲೆ ನಮ್ಮವರ ಕೈಗೆಟಕುವಂಥದ್ದಲ್ಲ. ಆದ್ದರಿಂದಲೇ ಟಾಟಾ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರ್ ಇದ್ದವರಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಮಹತ್ವದ್ದಾಗಿ ಕಾಣುತ್ತದೆ. ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಎಂಬ ರೂಢಿಯ ಪ್ರಮಾಣದ ಬದಲು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬನ್ನು ಬಾಯಿಮೂಲಕ ಕೊಡುವ ಅಗ್ಗದ ಔಷಧಿಗಳ ಜೊತೆ ಸೇರಿಸಿದಾಗ, ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ, ಬರೀ ಆ ಅಗ್ಗದ ಔಷಧಿಗಳನ್ನು ಪಡೆದವರಲ್ಲಿದ್ದ ಶೇ 16.3ರಿಂದ ಶೇ 43.4ಕ್ಕೆ ಏರಿತು.

ಎಲ್ಲರಿಗೂ ಇದು ಫಲಿಸುವುದಿಲ್ಲ. ತಡೆ ಸಡಿಲಿಸಿದಾಗ ಟಿ ಕೋಶಗಳು ಕರುಳು, ಥೈರಾಯ್ಡ್, ಶ್ವಾಸಕೋಶಗಳ ಮೇಲೂ ತಿರುಗಿಬೀಳಬಹುದು. ಆದ್ದರಿಂದ ಈ ಚುಚ್ಚುಮದ್ದು ಪಡೆಯುವವರು ಭೇದಿ, ಒಣಕೆಮ್ಮು ಅಥವಾ ಉಬ್ಬಸ ಕಾಣಿಸಿಕೊಂಡರೆ ಮನೆಮದ್ದಿಗೆ ಕೈಹಾಕದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಬೇಗ ತಿಳಿದರೆ ಬಹುಪಾಲು ಸಂದರ್ಭಗಳಲ್ಲಿ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರಬಹುದು.