ಇಲಿಗೂ ಕಚಗುಳಿ ಆಗುತ್ತೆ

ಪಟಾಕಿ ಸದ್ದಿಗೆ ಜಯನಗರದ ನಮ್ಮ ಬೀದಿನಾಯಿ ಕಾರಿನಡಿ ನುಗ್ಗಿ ಗಡಗಡ ನಡುಗುತ್ತಿತ್ತು. ಪಕ್ಕದ ಮನೆ ಅಂಕಲ್ "ಅದಕ್ಕೇನ್ರೀ ಗೊತ್ತಾಗುತ್ತೆ" ಅಂದರು. ನಾನು ಒಪ್ಪಲ್ಲ. ಮಿದುಳಿನಲ್ಲಿರೋ ಭಯದ ಜಾಲ, ಅಂದರೆ ಅಮಿಗ್ಡಲಾ ಅನ್ನೋ ಭಾಗದಿಂದ ಹೈಪೋಥಲಾಮಸ್ ಅನ್ನೋ ಇನ್ನೊಂದು ಭಾಗದ ಮೂಲಕ ನಡುಮಿದುಳಿಗೆ ಇಳಿಯುವ ದಾರಿ, ನಾಯಿಗೂ ಇದೆ, ಇಲಿಗೂ ಇದೆ, ಅಂಕಲ್‌ಗೂ ಇದೆ.

ಭಯ ಬಿಡಿ, ನನಗೆ ಜಾಸ್ತಿ ಇಷ್ಟ ಆಟದ ವಿಷಯ. ಯಾಕ್ ಪ್ಯಾಂಕ್ಸೆಪ್ ಅನ್ನೋ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಇಲಿಮರಿಗಳಿಗೆ ಕಚಗುಳಿ ಇಟ್ಟರು. ಅವು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ, ಅಂದರೆ ನಮ್ಮ ಕಿವಿಗೆ ಕೇಳದಷ್ಟು ಕೀರಲು ದನಿಯಲ್ಲಿ ಚಿಲಿಪಿಲಿಗುಟ್ಟಿದವು, ಆಮೇಲೆ ಇನ್ನೂ ಬೇಕು ಅನ್ನೋ ಹಾಗೆ ಆ ಕೈಯ ಹಿಂದೆಯೇ ಓಡಿದವು. ಎಳೆಯದರಲ್ಲೇ ಮಿದುಳಿನ ಹೊರಪದರ ತೆಗೆದ ಇಲಿಗಳೂ ಬೆಳೆದ ಮೇಲೆ ಕುಸ್ತಿ ಆಡುತ್ತವೆ! ಆಟದ ಬೇರು ಇರೋದು ಆ ಹೊರಪದರದ ಕೆಳಗಿನ, ವಿಕಾಸದಲ್ಲಿ ಹಳೇದಾದ ಮಿದುಳಿನಲ್ಲಿ, ಅಲ್ವಾ? ಇಲಿಗಳ ಆ ಚಿಲಿಪಿಲಿಯನ್ನು ನಗು ಅನ್ನಬಹುದಾ ಅನ್ನೋ ಜಗಳ ಮಾತ್ರ ಇನ್ನೂ ಇದೆ. ನಾನಂತೂ ಇಲಿ ಪಕ್ಷ.