ಎಣ್ಣೆಯ ಸದ್ದು ಅಡಗುವ ತನಕ

ಕಳೆದ ಕಾರ್ತಿಕದಲ್ಲಿ ಕೈದಾಳದ ಚೆನ್ನಕೇಶವನ ಎದುರು ನಿಂತು ಎಡಗೈಯಲ್ಲಿ ತೀರ್ಥ ತೆಗೆದುಕೊಂಡೆ. ಆಷಾಢದ ಜಡಿಮಳೆಯಲ್ಲಿ ಹಿತ್ತಲಿನ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ಬೆರಳುಗಳು ಆಡಿದವು, ಲೋಟ ಹಿಡಿಯಲು ಬಂತು, ಜಡೆ ಹಾಕಿಕೊಳ್ಳಲೂ ಬಂತು. ಅಂಗೈ ಮಾತ್ರ ಮೇಲ್ಮುಖವಾಗಿ ತಿರುಗಲೊಲ್ಲದು. ಅರ್ಚಕರು ಉದ್ಧರಣೆ ಎತ್ತಿ ಕಾಯುತ್ತಿದ್ದರು. ಬಲಗೈ ಚಾಚಿದೆ, ಅದು ಬಾಗಿಲ ಹಲಗೆಯಂತೆ ಅಡ್ಡಡ್ಡವಾಗಿಯೇ ನಿಂತಿತು. ತೀರ್ಥ ನೆಲಕ್ಕೆ ಬೀಳುವುದು ಬೇಡವೆಂದು ಎಡಗೈ ಒಡ್ಡಿದೆ. "ಪರವಾಗಿಲ್ಲ ತಾಯಿ, ಅವನಿಗೆ ತಿಳಿಯುತ್ತದೆ" ಎಂದರು ಅವರು. ನನಗೆ ಅಳು ತಡೆಯಲಾಗಲಿಲ್ಲ.

ಆ ಗುಡಿಯಲ್ಲಿ ಕೈಗಾಗಿ ಅಳದೆ ಇನ್ನೆಲ್ಲಿ ಅಳಬೇಕು? ತುಮಕೂರಿನವರಿಗೆ ಕೈದಾಳದ ಕಥೆ ಹೇಳಿಕೊಡಬೇಕಾಗಿಲ್ಲ. ಬೇಲೂರಿನ ಶಿಲೆಯ ಹೊಟ್ಟೆಯಲ್ಲಿ ಕಪ್ಪೆ ಕಂಡಾಗ ಆಡಿದ ಮಾತಿನಂತೆ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ ಜಕಣಾಚಾರಿ ಹುಟ್ಟೂರು ಕ್ರೀಡಾಪುರಕ್ಕೆ ಬಂದು ಕೇಶವನನ್ನು ನಿಲ್ಲಿಸಿದ, ಹೋದ ಕೈ ಮರಳಿ ಬಂತು, ಊರು ಕೈದಾಳವಾಯಿತು. ಇತಿಹಾಸ ಬಲ್ಲವರು 1150ರ ಸುಮಾರಿನಲ್ಲಿ ಹೊಯ್ಸಳ ನರಸಿಂಹನ ಸಾಮಂತನೊಬ್ಬ ಕಟ್ಟಿಸಿದ ಗುಡಿ ಎನ್ನುತ್ತಾರೆ. ಅದೂ ಸತ್ಯವೇ. ಮುರಿದ ಕೈ ಹಿಡಿದು ಅಲ್ಲಿಗೆ ಹೋದವರಿಗೆ ಮೊದಲಿನದೂ ಅಷ್ಟೇ ಸತ್ಯ. ಅಂದು ಅಲ್ಲಿಯೇ ಹರಕೆ ಹೊತ್ತೆ: ಅಪ್ಪಾ, ಈ ಅಂಗೈಯನ್ನು ತಿರುಗಿಸಿಕೊಡು. ಮುಂದಿನ ಗೋಕುಲಾಷ್ಟಮಿಗೆ ನನ್ನ ಕೈಯಾರೆ ಚಕ್ಕುಲಿ ಒತ್ತಿ, ಮನೆಯ ಕೃಷ್ಣನಿಗೆ ತೋರಿಸಿ, ಮರುದಿನ ನಿನ್ನ ಬಾಗಿಲಲ್ಲಿ ಮಕ್ಕಳಿಗೆ ಹಂಚುತ್ತೇನೆ.

ಚಕ್ಕುಲಿಯೇ ಏಕೆ ನೆನಪಾಯಿತು ಎಂದು ಕೇಳಿದರೆ, ಅದಕ್ಕೆ ಅಜ್ಜಿಯೇ ಕಾರಣ.

ನನ್ನ ಅಜ್ಜಿಯ ಊರು ತಿಪಟೂರಿನ ಕಡೆಯದು. ಮನೆಯ ಸುತ್ತ ತೆಂಗು, ಮನೆಯೊಳಗೆ ಅಟ್ಟದ ತುಂಬ ಕಾಯಿ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾಗುವ ಕಾಯಿಗಳವು. ಅಜ್ಜಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಳು. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ನೀರು ಇಂಗಿ ಗಿಟುಕು ಚಿಪ್ಪು ಬಿಟ್ಟು ಗಡಗಡ ಎಂದರೆ ಸುಲಿಯಲು ಕೆಳಕ್ಕೆ. ಎರಡೂ ಕಣ್ಣಿಗೆ ಪೊರೆ ಬಂದ ಮೇಲೂ ಆ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಅದೇ ಕಿವಿ ಅಷ್ಟಮಿಯ ದಿನ ಬಾಣಲೆಯ ಮುಂದೆ ಕೂರುತ್ತಿತ್ತು. ತೊಳೆದು ನೆರಳಲ್ಲಿ ಆರಿಸಿ ಬೀಸಿದ ಅಕ್ಕಿ 4 ಪಾವು, ಘಮ್ಮೆನ್ನುವಂತೆ ಹುರಿದ ಉದ್ದಿನಬೇಳೆ 1 ಪಾವು, ಎರಡು ದೊಡ್ಡ ನಿಂಬೆಹಣ್ಣಿನಷ್ಟು ಮನೆಯ ಬೆಣ್ಣೆ, ಜೀರಿಗೆ, ಎಳ್ಳು, ಇಂಗಿನ ನೀರು. ಅಮ್ಮ ಕಲಸುತ್ತಿದ್ದಳು, ಚಿಕ್ಕಮ್ಮ ಮರದ ಒರಳಿನಲ್ಲಿ ಬಾಳೆಯೆಲೆಯ ಮೇಲೆ ಒತ್ತಿ ಬಾಣಲೆಗೆ ಜಾರಿಸುತ್ತಿದ್ದಳು. ಅಜ್ಜಿ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದಳು.

ಆ ಸದ್ದನ್ನು ನೀವೂ ಕೇಳಿರುತ್ತೀರಿ. ಚಕ್ಕುಲಿ ಎಣ್ಣೆಗೆ ಇಳಿದೊಡನೆ ಹೆಂಚಿನ ಮೇಲೆ ಮಳೆ ಸುರಿದಂತೆ ಒಂದೇ ಅಬ್ಬರ. ದೊಡ್ಡ ಗುಳ್ಳೆಗಳು ಮೇಲೆದ್ದು ಚಕ್ಕುಲಿಯೇ ಕಾಣದಂತೆ ಮುಚ್ಚುತ್ತವೆ. ಮಗುಚಿದ ಮೇಲೆ ಗುಳ್ಳೆ ಸಣ್ಣದಾಗುತ್ತದೆ, ಮಳೆ ಸೋನೆಯಾಗುತ್ತದೆ. ಆಮೇಲೆ ಪಕ್ಕದ ಬೀದಿಯಲ್ಲಿ ಯಾರೋ ಗೆಜ್ಜೆ ಕಟ್ಟಿಕೊಂಡು ನಡೆದು ಹೋದಂತೆ ಸಣ್ಣ ಸಣ್ಣ ಸದ್ದು. ನಾವು ಜಾಲರಿ ಹಿಡಿದು ಆತುರಪಡುತ್ತಿದ್ದೆವು, ಬಣ್ಣ ಬಂದಿದೆಯಲ್ಲ ಎಂದು. ಅಜ್ಜಿ ಕೈಯೆತ್ತಿ ತಡೆಯುತ್ತಿದ್ದಳು. "ಇನ್ನೂ ಮಾತಾಡುತ್ತಿದೆ. ಒಳಗೆ ನೀರಿರುವ ತನಕ ಅದು ಮಾತಾಡುತ್ತದೆ. ಮುಗಿಯಲಿ." ಒಲೆಯಲ್ಲಿ ತೆಂಗಿನ ಮಟ್ಟೆ ಹೊಗೆಯಾಡುತ್ತಿತ್ತು, ನಮಗೆ ಕಣ್ಣುರಿ. ಗೆಜ್ಜೆ ತೀರಾ ದೂರ ಹೋಗಿ, ಇನ್ನೇನು ಬಾಣಲೆಯಲ್ಲಿ ಏನೂ ಕೇಳಿಸದು ಎನ್ನುವ ಗಳಿಗೆಗೆ ಅವಳು ಕಣ್ಣು ತೆರೆಯುತ್ತಿದ್ದಳು. "ಈಗ ತೆಗೆ ಮಗಳೇ. ಈಗ ಅದು ಅವನದು."

ಈ ಮಾತು ನನ್ನೊಳಗೆ 40 ವರ್ಷಗಳಿಂದ ಉಳಿದಿದೆ. ಸದ್ದಿರುವಾಗಲೇ ತೆಗೆದ ಚಕ್ಕುಲಿ ಮರುದಿನ ಮೆತ್ತಗಾಗುತ್ತದೆ, ಅದು ಅಡುಗೆಯ ಲೆಕ್ಕ. ಆದರೆ ಜಪಕ್ಕೆ ಕೂತಾಗಲೂ ನನಗೆ ಆ ಬಾಣಲೆಯೇ ನೆನಪಾಗುತ್ತದೆ. ಹತ್ತು ನಿಮಿಷ ಮನಸ್ಸು ಚುರುಗುಟ್ಟುತ್ತದೆ: ಹಾಲಿನವನ ಲೆಕ್ಕ, ಮಗನ ಸಾಲ, ಯಾರೋ ಆಡಿದ ಮಾತು. ಅಷ್ಟರಲ್ಲೇ ಎದ್ದುಬಿಟ್ಟರೆ ಇಡೀ ದಿನ ಮೆತ್ತಗೆ. ಇನ್ನೂ ಸ್ವಲ್ಪ ಕೂತರೆ, ಎಂದೋ ಒಂದು ದಿನ, ಸದ್ದು ತಾನಾಗಿ ಕೆಳಗಿಳಿಯುತ್ತದೆ.

ಅಜ್ಜಿಯ ಇನ್ನೊಂದು ಕಟ್ಟಳೆ ಉಪ್ಪಿನದು. ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಮುಟ್ಟಿಸುವಂತಿಲ್ಲ, ಮೂಸಿ ನೋಡುವಂತೆಯೂ ಇಲ್ಲ. ಹಾಗಾದರೆ ಉಪ್ಪಿನ ಹದ ತಿಳಿಯುವುದು ಹೇಗೆ? ಅವಳು ಬಲಗೈಯನ್ನು ಮೇಲ್ಮುಖ ಮಾಡಿ ಅಂಗೈ ಗುಳಿಯಲ್ಲಿ ಉಪ್ಪು ತುಂಬಿಸಿಕೊಳ್ಳುತ್ತಿದ್ದಳು. 5 ಪಾವು ಹಿಟ್ಟಿಗೆ ಒಂದು ಗುಳಿ. "ತೀರ್ಥ ನಿಲ್ಲುವ ಜಾಗದಲ್ಲಿ ನಿಂತಷ್ಟು ಉಪ್ಪು ಸಾಕು" ಎನ್ನುತ್ತಿದ್ದಳು. ಅವಳ ಚಕ್ಕುಲಿಗೆ ಉಪ್ಪು ಹೆಚ್ಚಾದದ್ದನ್ನಾಗಲಿ ಕಡಿಮೆಯಾದದ್ದನ್ನಾಗಲಿ ನಾನು ಕಾಣೆ.

ಕೈ ಮುರಿದ ವರ್ಷದ ಅಷ್ಟಮಿಗೆ ಅಂಗಡಿಯಿಂದ ಪೊಟ್ಟಣ ತರಿಸಿ ಮಂಟಪಕ್ಕೆ ಕಟ್ಟಿದೆವು. ದೇವರು ಬೇಡವೆನ್ನಲಿಲ್ಲ, ಎನ್ನುವವನೂ ಅಲ್ಲ. ನನಗೇ ನುಂಗಲಾಗಲಿಲ್ಲ. ಅದು ಎಷ್ಟು ನಾಲಿಗೆಗಳು ರುಚಿ ನೋಡಿ ಒಪ್ಪಿದ ತಿಂಡಿಯೋ! ಈಗೀಗ ನಮ್ಮ ಬೀದಿಯಲ್ಲಿ ಹೆಚ್ಚು ಮನೆಗಳಲ್ಲಿ ಹೀಗೆಯೇ. ರಾತ್ರಿ ಎಂಟಕ್ಕೆ ಮಂಗಳಾರತಿ ಮುಗಿಸಿ ಮಲಗುತ್ತಾರೆ, ಬೆಳಗ್ಗೆ ಕೆಲಸಕ್ಕೆ ಓಡಬೇಕು. ಅವರನ್ನು ದೂರಲಾರೆ. ಆದರೆ ಹುಟ್ಟುವ ಮಗುವಿಗಾಗಿ ವರ್ಷಕ್ಕೊಂದು ರಾತ್ರಿ ಎಚ್ಚರವಿರಲಾಗದೆ? ಅಕ್ಕಿ ಒಂದೇ ಪಾವು ಸಾಕು, ಐದೇ ಚಕ್ಕುಲಿ ಸಾಕು. ಮನೆಯೊಳಗೆ ಆ ಸದ್ದು ಕೇಳಿಸಲಿ. ಮಕ್ಕಳಿಗೆ ಉಳಿಯುವುದು ರುಚಿಯಲ್ಲ, ಆ ಸದ್ದು.

ಈ ವರ್ಷ ಅಷ್ಟಮಿಯ ಮಧ್ಯಾಹ್ನ ಉಪವಾಸದಲ್ಲಿ ಹಿಟ್ಟಿನ ಮುಂದೆ ಕೂತೆ. ಅಷ್ಟು ತಿಂಗಳು ಒದ್ದೆ ಬಟ್ಟೆ ಹಿಂಡಿ, ರಬ್ಬರ್ ಚೆಂಡು ಅದುಮಿ, ರಾಗಿ ಮುದ್ದೆ ತಿರುವಿ ಕೈಯನ್ನು ಪಳಗಿಸಿದ್ದೆ. ವ್ಯಾಯಾಮ ಹೇಳಿಕೊಟ್ಟವರಿಗೆ ನನ್ನ ನಮಸ್ಕಾರ ಎಂದೂ ಇದೆ. ಉಪ್ಪಿನ ಮರಿಗೆ ಹತ್ತಿರ ಎಳೆದುಕೊಂಡು ಬಲಗೈ ತಿರುಗಿಸಿದೆ. ಮೊಣಕೈಯಿಂದ ಮಣಿಕಟ್ಟಿನ ತನಕ ಒಂದು ಎಳೆತ, ಆಮೇಲೆ ನಿಧಾನವಾಗಿ ಅಂಗೈ ಆಕಾಶ ನೋಡಿತು. ಗುಳಿ ಹಾಗೆಯೇ ಇತ್ತು. ಅದರಲ್ಲಿ ಉಪ್ಪು ತುಂಬಿಕೊಂಡು ಎಷ್ಟು ಹೊತ್ತು ನೋಡುತ್ತ ಕೂತೆನೋ, ಸೊಸೆ ಬಂದು "ಅತ್ತೆ, ನೋಯುತ್ತಿದೆಯೇ?" ಎಂದು ಕೇಳಿದಳು.

"ಒತ್ತುವುದನ್ನು ನನಗೆ ಬಿಡಿ" ಎಂದಳು. ಹರಕೆ ನನ್ನದು, ಹೇಗೆ ಬಿಡಲಿ? ಅವಳನ್ನು ಬಾಣಲೆಯ ಮುಂದೆ ಕೂರಿಸಿದೆ. ಅಜ್ಜಿಯ ಮರದ ಒರಳನ್ನು ಎರಡೂ ಕೈಯಲ್ಲಿ ಅದುಮಿದರೆ ಮೊದಲ ಸುತ್ತುಗಳು ತುಂಡು ತುಂಡಾಗಿ ಬಿದ್ದವು. ಹಿಟ್ಟು ಬಿಗಿಯಾಗಿತ್ತೋ, ಕೈ ನಡುಗಿತೋ. ನೀರು ಚಿಮುಕಿಸಿ ಮತ್ತೆ ನಾದಿದೆ. ಆಮೇಲೆ ಮುಳ್ಳು ಮುಳ್ಳಾದ ಎಳೆ ಮುರಿಯದೆ ಇಳಿಯಿತು, ಒಂದು ಸುತ್ತು, ಎರಡು, ಮೂರು. ಎಷ್ಟಾಯಿತೆಂದು ಎಣಿಸಲಿಲ್ಲ, ದೇವರ ತಿಂಡಿಯನ್ನು ಎಣಿಸಬಾರದೆಂಬುದು ಅಜ್ಜಿಯ ಮಾತು. ಸೊಸೆ ಜಾಲರಿ ಎತ್ತಿದಾಗ ನನಗೆ ತಿಳಿಯದಂತೆಯೇ ನನ್ನ ಕೈ ಮೇಲೆದ್ದು ತಡೆದಿತ್ತು. ಇಬ್ಬರೂ ಮಾತಿಲ್ಲದೆ ಕೇಳಿಸಿಕೊಂಡೆವು.

ಮೊದಲು ಮುರಿದ ತುಂಡುಗಳನ್ನೂ ಕರಿದು ಬೇರೆ ತಟ್ಟೆಯಲ್ಲಿ ಇಟ್ಟಿದ್ದೆವು. ಮುರಿದದ್ದು ನೈವೇದ್ಯಕ್ಕೆ ಸಲ್ಲದೆಂದು ನನ್ನ ಅಮ್ಮ ಹೇಳುತ್ತಿದ್ದಳು. ಅಷ್ಟರಲ್ಲಿ ಅಕ್ಕಿಹಿಟ್ಟಿನ ಪುಟ್ಟ ಹೆಜ್ಜೆಗಳನ್ನು ಬಾಗಿಲಿಂದ ದೇವರ ಕೋಣೆಯವರೆಗೆ ಬಿಡಿಸುತ್ತಿದ್ದ ಮೊಮ್ಮಗ ತಲೆಯೆತ್ತಿ ಕೇಳಿದ: "ಅಜ್ಜಿ, ಕೃಷ್ಣ ಹುಟ್ಟುವುದೇ ಇವತ್ತು. ಹಲ್ಲಿಲ್ಲದ ಪಾಪು ಚಕ್ಕುಲಿ ಹೇಗೆ ತಿನ್ನುತ್ತದೆ?" ನನ್ನ ಮೈ ಜುಮ್ಮೆಂದಿತು. ಇದೇ ಪ್ರಶ್ನೆಯನ್ನು ಅದೇ ವಯಸ್ಸಿನಲ್ಲಿ ನಾನು ಕೇಳಿದ್ದೆ. ಅಜ್ಜಿ ಕೊಟ್ಟ ಉತ್ತರವನ್ನೇ ಕೊಟ್ಟೆ: "ಶುಂಠಿ ಬೆಲ್ಲ ಬಾಣಂತಿ ದೇವಕಿಗೆ, ಬೆಣ್ಣೆ ಮಗುವಿಗೆ, ಚಕ್ಕುಲಿ ಅವನ ಜೊತೆಗಾರರಿಗೆ." ಯಮುನೆಯ ಮರಳಿನಲ್ಲಿ ಬುತ್ತಿ ಬಿಚ್ಚಿ, ಗೋಪಬಾಲರ ನಡುವೆ ಕೂತು, ಒಬ್ಬರದನ್ನೊಬ್ಬರು ರುಚಿ ನೋಡುತ್ತ ಉಂಡವನು ಅವನು. ಅದನ್ನು ಕಂಡು ಬ್ರಹ್ಮನೇ ಬೆರಗಾದ. ಹಾಗೆ ಉಂಡವನಿಗೆ ಮುರಿದದ್ದು ಬೇಡವಾದೀತೇ? ತುಂಡುಗಳ ತಟ್ಟೆಯನ್ನೂ ತುಳಸಿ ಹಾಕಿ ಮಂಟಪದ ಮುಂದಿಟ್ಟೆ. ಅಮ್ಮ ಕ್ಷಮಿಸಲಿ.

ಮಧ್ಯರಾತ್ರಿ ಮೋಡ ಸರಿದು ಪಕ್ಕದ ಮನೆಯ ತೆಂಗಿನ ತಲೆಯ ಮೇಲೆ ಅಷ್ಟಮಿಯ ಅರ್ಧ ಚಂದ್ರ ಕಂಡಾಗ ಅರ್ಘ್ಯ ಬಿಟ್ಟೆವು. ಹುಡುಗ ಎಚ್ಚರವಾಗಿಯೇ ಇದ್ದ. ಉಪ್ಪು ಸರಿಯಾಗಿತ್ತು.

ಮರುದಿನ ಪಾರಣೆ ಮುಗಿಸಿ ಡಬ್ಬ ಹೊತ್ತು ಗೂಳೂರಿನ ಮೇಲೆ ಕೈದಾಳಕ್ಕೆ ಹೋದೆವು. ಗುಡಿಯ ಮುಂದೆ ಆಡುತ್ತಿದ್ದ ಮಕ್ಕಳು ಮೊದಲು ನಾಚಿದರು, ಆಮೇಲೆ ಒಂದನ್ನು ಮುರಿದು ಮೂವರು ತಿಂದರು. ಕರುಂ ಕುರುಂ ಸದ್ದು ಕೇಶವನಿಗೂ ಕೇಳಿಸುವಷ್ಟಿತ್ತು. ಡಬ್ಬ ಬರಿದಾದ ಮೇಲೆ ಒಳಗೆ ಹೋಗಿ ನಿಂತೆ. ಅದೇ ಅರ್ಚಕರು. ಅವರಿಗೆ ನನ್ನ ನೆನಪಿತ್ತೋ ಇಲ್ಲವೋ, ಉದ್ಧರಣೆ ಎತ್ತಿದರು. ನಾನು ಬಲಗೈ ಚಾಚಿ ಅಂಗೈ ತಿರುಗಿಸಿದೆ. ತುಳಸಿಯ ದಳವೊಂದು ತೇಲುತ್ತ ತೀರ್ಥ ಗುಳಿಯಲ್ಲಿ ಬಂದು ನಿಂತಿತು.